ರಂಗನತಿಟ್ಟಿನ ದೋಣಿ: ಕಾಲಿಡದೆ ನೋಡಿ ಬರುವ ದ್ವೀಪಗಳು

ಶ್ರೀರಂಗಪಟ್ಟಣದ ಬಳಿಯ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿ ಹತ್ತುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಇಲ್ಲಿನ ದೋಣಿ ನಿಮ್ಮನ್ನು ಯಾವ ದ್ವೀಪದ ಮೇಲೂ ಇಳಿಸುವುದಿಲ್ಲ. ದಡ ಬಿಟ್ಟು, ಕಾವೇರಿಯ ನಡುವೆ ಹರಡಿಕೊಂಡಿರುವ ತಿಟ್ಟುಗಳ ಅಂಚಿನಲ್ಲೇ ನಿಧಾನವಾಗಿ ಸಾಗಿ, ಹೊರಟ ಜಾಗಕ್ಕೇ ನಿಮ್ಮನ್ನು ತಂದು ಬಿಡುತ್ತದೆ. ಇದನ್ನು ಕೇಳಿದ ನಮ್ಮ ಬಂಧುಗಳಲ್ಲಿ ಒಬ್ಬರು, ‘ಇಳಿಯುವುದೇ ಇಲ್ಲವೆಂದರೆ ಅಷ್ಟು ದೂರ ಹೋಗಿ ಏನು ಬಂತು’ ಎಂದು ಕೇಳಿದ್ದರು. ಫೆಬ್ರುವರಿ ತಿಂಗಳ ಒಂದು ಬುಧವಾರದ ಬೆಳಿಗ್ಗೆ ನನ್ನ ತಾಯಿ, ಮಡದಿ ಮತ್ತು ಆರನೆಯ ತರಗತಿಯಲ್ಲಿ ಓದುತ್ತಿರುವ ಮಗಳೊಂದಿಗೆ ಆ ದೋಣಿಯಲ್ಲಿ ಎರಡು ಸುತ್ತು ಹೋಗಿಬಂದ ಮೇಲೆ, ಇಳಿಸದಿರುವುದೇ ಈ ಪ್ರವಾಸದ ಅತ್ಯಂತ ಬೆಲೆಯುಳ್ಳ ಗುಣವೆಂದು ನನಗೆ ಅನ್ನಿಸಿದೆ. ಏಕೆ ಹಾಗೆ ಅನ್ನಿಸಿತು ಎಂಬುದನ್ನು, ಮೈಸೂರು ಮತ್ತು ಮಂಡ್ಯದಿಂದ ಒಂದು ದಿನದ ಮಟ್ಟಿಗೆ ಹೋಗಿಬರಬೇಕೆಂದಿರುವವರಿಗೆ ಉಪಯೋಗವಾಗುವಂತೆ ವಿವರವಾಗಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾವು ಬೇರೊಂದು ಕಡೆ, ಸಮುದ್ರದ ನಡುವಿನ ಒಂದು ಪುಟ್ಟ ದ್ವೀಪಕ್ಕೆ ದೋಣಿಯಲ್ಲಿ ಹೋಗಿದ್ದೆವು. ‘ಪ್ರಶಾಂತ ದ್ವೀಪ’ ಎಂಬ ಮಾತನ್ನು ನಂಬಿ ಹೋದ ನಮಗೆ ಸಿಕ್ಕಿದ್ದು ಡೀಸೆಲ್ ವಾಸನೆ, ದೋಣಿಯ ತುಂಬ ಕಿವಿಗಡಚಿಕ್ಕುವ ಹಾಡು, ಮತ್ತು ದ್ವೀಪದಲ್ಲಿ ಇಳಿದ ಮೇಲೆ ಕಾಲಿಗೆ ತೊಡರುವ ಖಾಲಿ ಬಾಟಲಿಗಳು. ಅಲ್ಲಿ ನೂರಾರು ಜನ ಏಕಕಾಲಕ್ಕೆ ಇಳಿಯುತ್ತಿದ್ದರು, ಇಳಿದವರೆಲ್ಲರೂ ಏನನ್ನಾದರೂ ಬಿಟ್ಟುಬರುತ್ತಿದ್ದರು. ಆ ದಿನ ಮಗಳು ಒಂದು ಏಡಿಯನ್ನು ಬಿಟ್ಟರೆ ಬೇರೆ ಯಾವ ಜೀವಿಯನ್ನೂ ನೋಡಲಿಲ್ಲ. ಆ ಅನುಭವ ಮನಸ್ಸಿನಲ್ಲಿ ಉಳಿದಿದ್ದರಿಂದ, ಮನೆಯಿಂದ ಅರ್ಧ ಗಂಟೆಯ ದೂರದಲ್ಲಿರುವ ರಂಗನತಿಟ್ಟಿನ ಬಗೆಗೂ ನಾನು ಹೆಚ್ಚಿನ ನಿರೀಕ್ಷೆ ಇಟ್ಟುಕೊಂಡಿರಲಿಲ್ಲ. ಶಾಲೆಯ ಪ್ರವಾಸದಲ್ಲಿ ಒಮ್ಮೆ ಹೋಗಿದ್ದ ನೆನಪಿತ್ತು. ಆದರೆ ಐವತ್ತು ಮಂದಿ ಹುಡುಗರ ಗದ್ದಲದಲ್ಲಿ ನೋಡಿದ್ದನ್ನು ನೋಡಿದ್ದೆಂದು ಹೇಳುವುದು ಕಷ್ಟ.

ನಾವು ಹತ್ತಿದ ದೋಣಿಗೆ ಎಂಜಿನ್ ಇರಲಿಲ್ಲ. ಒಬ್ಬ ಅಂಬಿಗ, ಎರಡು ಹುಟ್ಟು, ಅಷ್ಟೇ. ಈ ಒಂದು ವಿಷಯವನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಹುಟ್ಟು ನೀರಿಗೆ ಇಳಿಯುವಾಗ ಒಂದು ಮೆಲುದನಿ, ಮೇಲೆದ್ದಾಗ ಅದರ ಅಂಚಿನಿಂದ ಹನಿಗಳು ತೊಟ್ಟಿಕ್ಕುವ ಸದ್ದು, ನಡುವೆ ಮರದ ಮೇಲಿನ ಹಕ್ಕಿಗಳ ಗಲಾಟೆ, ಇವನ್ನು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಎಂಜಿನ್ ಇರುವ ದೋಣಿಯಲ್ಲಿ ಕುಳಿತವರು ಪಕ್ಕದವರೊಂದಿಗೆ ಮಾತಾಡಲು ಕೂಗಬೇಕಾಗುತ್ತದೆ. ಇಲ್ಲಿ ಪಿಸುಮಾತು ಸಾಕಾಗುವುದರಿಂದ ಎಲ್ಲರೂ ತಾವಾಗಿಯೇ ದನಿ ತಗ್ಗಿಸುತ್ತಾರೆ. ಹುಟ್ಟಿನ ದೋಣಿಗೆ ಇನ್ನೊಂದು ಅನುಕೂಲವಿದೆ. ಎಲ್ಲಿ ಬೇಕೋ ಅಲ್ಲಿ ಹುಟ್ಟನ್ನು ಎತ್ತಿ ಹಿಡಿದರೆ ದೋಣಿ ಸದ್ದಿಲ್ಲದೆ ತೇಲುತ್ತ ಮುಂದೆ ಸರಿಯುತ್ತದೆ. ಹೀಗೆ ತೇಲುತ್ತ ಹತ್ತಿರ ಬಂದ ದೋಣಿಯನ್ನು ಹಕ್ಕಿಗಳು ನೀರಿನಲ್ಲಿ ಬರುವ ಒಂದು ಮರದ ದಿಮ್ಮಿಯಷ್ಟೇ ಎಂದು ಭಾವಿಸುತ್ತವೆಯೋ ಏನೋ, ಗೂಡಿನಲ್ಲಿ ಕುಳಿತಿದ್ದ ಒಂದು ಹಕ್ಕಿಯೂ ನಮ್ಮನ್ನು ಕಂಡು ಹಾರಿಹೋಗಲಿಲ್ಲ. ಮೊಟ್ಟೆಯ ಮೇಲೆ ಕುಳಿತ ತಾಯಿಹಕ್ಕಿ ಹೆದರಿ ಎದ್ದುಹೋದರೆ ಕಾಗೆ, ಹದ್ದುಗಳು ಕಾದೇ ಇರುತ್ತವೆ, ಜೊತೆಗೆ ಬಿಸಿಲಿನ ಬೇಗೆ ಬೇರೆ. ಆದ್ದರಿಂದ ಗೂಡು ಕಟ್ಟುವ ಕಾಲದಲ್ಲಿ ದೋಣಿ ನಡೆಸಬೇಕಾದರೆ ಅದು ಹುಟ್ಟಿನ ದೋಣಿಯೇ ಆಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಕ್ರಮ ಎಂದೂ ಬದಲಾಗದಿರಲಿ ಎಂದು ಮನಸಾರೆ ಹಾರೈಸುತ್ತೇನೆ.

ದೋಣಿ ಹತ್ತುವಾಗ ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದರು. ನನ್ನ ತಾಯಿಗೆ ಎಪ್ಪತ್ತೆರಡು ವರ್ಷ, ಎರಡೂ ಮೊಣಕಾಲುಗಳಲ್ಲಿ ನೋವಿದೆ, ಜೀವಮಾನದಲ್ಲಿ ದೋಣಿ ಹತ್ತಿದವರಲ್ಲ. ದಡದಿಂದ ಅಲುಗಾಡುವ ದೋಣಿಯೊಳಕ್ಕೆ ಕಾಲಿಡುವ ಆ ಒಂದು ಹೆಜ್ಜೆಯೇ ವಯಸ್ಸಾದವರಿಗೆ ಈ ಇಡೀ ಪ್ರವಾಸದ ಅತಿ ಕಷ್ಟದ ಭಾಗ. ಅಂಬಿಗ ದೋಣಿಯ ಅಂಚನ್ನು ಕಾಲಿನಿಂದ ಒತ್ತಿ ಹಿಡಿದು, ಅವ್ವನ ಎರಡೂ ಕೈಗಳನ್ನು ಹಿಡಿದುಕೊಂಡು, ‘ಅವ್ವಾ, ಕೆಳಗ್ ನೋಡ್ಬ್ಯಾಡಿ, ನನ್ ಮೊಕ ನೋಡ್ಕಂಡು ಕಾಲಿಡಿ’ ಎಂದ. ಅವ್ವ ಹಾಗೆಯೇ ಮಾಡಿದರು. ಕುಳಿತ ಮೇಲೆ ತೂಕ ಎರಡೂ ಬದಿಗೆ ಸಮನಾಗುವಂತೆ ಒಬ್ಬೊಬ್ಬರನ್ನೂ ಆತ ಆಚೀಚೆ ಸರಿಸಿ ಕೂರಿಸಿದ್ದು, ಹೊರಡುವ ಮೊದಲೇ ‘ಯಾರೂ ಎದ್ ನಿಲ್ಲಂಗಿಲ್ಲ, ಕೈ ನೀರಿಗ್ ಬಿಡಂಗಿಲ್ಲ’ ಎಂದು ಖಚಿತವಾಗಿ ಹೇಳಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಮೊಣಕಾಲು ನೋವಿರುವ ಹಿರಿಯರನ್ನು ಕರೆದುಕೊಂಡು ಹೋಗುವವರು ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ, ಕೊನೆಗೆ ಹತ್ತಿ, ಕೊನೆಗೆ ಇಳಿಯುವುದು ಕ್ಷೇಮ.

ದಡ ಬಿಟ್ಟು ಸ್ವಲ್ಪ ದೂರ ಸಾಗುತ್ತಲೇ ಮೊದಲ ತಿಟ್ಟು ಎದುರಾಯಿತು. ದೂರದಿಂದ ನೋಡಿದಾಗ ಮರಗಳ ತುಂಬ ಬಿಳಿಯ ಬಟ್ಟೆ ಒಣಗಲು ಹಾಕಿದಂತೆ ಕಾಣುತ್ತಿತ್ತು. ಹತ್ತಿರವಾದಂತೆ ಆ ಬಿಳಿಯೆಲ್ಲ ಕೊಕ್ಕು, ಕತ್ತು, ಕಾಲುಗಳಾಗಿ ಬಿಡಿಸಿಕೊಂಡಿತು. ಇಲ್ಲಿನ ತಿಟ್ಟುಗಳ ಅಂಚಿನಲ್ಲಿ ಜೊಂಡು, ಒಳಗೆ ಹೊಳೆಮತ್ತಿ, ಬಿದಿರು ಮತ್ತು ಕೇದಿಗೆ ಬೆಳೆದಿವೆ. ಮರದ ಮೇಲ್ಭಾಗದ ಕೊಂಬೆಗಳಲ್ಲಿ ಬಣ್ಣದ ಕೊಕ್ಕರೆಗಳು ಕಡ್ಡಿಗಳನ್ನು ಜೋಡಿಸಿ ಗೂಡು ಮಾಡಿಕೊಂಡಿದ್ದವು. ಈ ಹಕ್ಕಿಯ ಹೆಸರಿನಲ್ಲಿರುವ ‘ಬಣ್ಣ’ ಏನೆಂಬುದು ಚಿತ್ರಗಳಲ್ಲಿ ಸರಿಯಾಗಿ ತಿಳಿಯುವುದಿಲ್ಲ. ಹತ್ತಿರದಿಂದ ನೋಡಿದರೆ ಹಳದಿ ಕೊಕ್ಕು, ಕಿತ್ತಳೆಗೆಂಪಿನ ಬೋಳು ಮುಖ, ಎದೆಗೆ ಅಡ್ಡಲಾಗಿ ಕಪ್ಪು ಬಿಳಿಯ ಪಟ್ಟಿ, ಬಾಲದ ಬಳಿ ಗುಲಾಬಿ ಬಣ್ಣದ ಗರಿಗಳು ಎಲ್ಲವೂ ಬೇರೆ ಬೇರೆಯಾಗಿ ಕಾಣುತ್ತವೆ. ಇಷ್ಟು ದೊಡ್ಡ ಹಕ್ಕಿಗೆ ಕೂಗಿಕೊಳ್ಳುವ ದನಿಯಿಲ್ಲ. ಜೋಡಿಹಕ್ಕಿ ಗೂಡಿಗೆ ಮರಳಿದಾಗ ಎರಡೂ ಕೊಕ್ಕುಗಳನ್ನು ಪಟಪಟನೆ ಬಡಿದು ಸದ್ದು ಮಾಡುತ್ತವೆ. ಆ ಸದ್ದನ್ನು ಮೊದಲು ಕೇಳಿದಾಗ ಯಾರೋ ಬಿದಿರಿನ ಗಳುಗಳನ್ನು ಒಂದಕ್ಕೊಂದು ತಟ್ಟುತ್ತಿದ್ದಾರೆಂದು ಅನ್ನಿಸಿ ನಾನು ದಡದ ಕಡೆ ತಿರುಗಿ ನೋಡಿದೆ. ಒಂದು ಗೂಡಿನಲ್ಲಿ ದೊಡ್ಡ ಹಕ್ಕಿಯೊಂದು ಬಿಸಿಲಿಗೆ ಬೆನ್ನು ಮಾಡಿ, ಎರಡೂ ರೆಕ್ಕೆಗಳನ್ನು ಅರ್ಧ ಬಿಚ್ಚಿ ಅಲುಗಾಡದೆ ನಿಂತಿತ್ತು. ಮಗಳು ಅದು ಹಾರಲು ಸಿದ್ಧವಾಗುತ್ತಿದೆ ಎಂದಳು. ಹಾಗಲ್ಲ, ಅದರ ಕಾಲಬಳಿ ಮರಿಗಳಿವೆ, ಅವುಗಳಿಗೆ ಕೊಡೆ ಹಿಡಿದಿದೆ ಎಂದು ಅಂಬಿಗ ತಿಳಿಸಿದ. ದುರ್ಬೀನಿನಲ್ಲಿ ನೋಡಿದಾಗ ಆ ನೆರಳಿನೊಳಗೆ ಹತ್ತಿಯುಂಡೆಯಂತಹ ಎರಡು ತಲೆಗಳು ನಿಜವಾಗಿಯೂ ಇದ್ದವು.

ಬಾಯ್ಕಳಕ ಕೊಕ್ಕರೆಗಳನ್ನು ಗುರುತಿಸುವುದು ಸುಲಭ. ಕೊಕ್ಕು ಮುಚ್ಚಿದಾಗಲೂ ನಡುವೆ ಒಂದು ಸಂದು ಉಳಿದೇ ಇರುತ್ತದೆ. ಗದ್ದೆಗಳಲ್ಲಿ ಸಿಗುವ ಬಸವನಹುಳುಗಳೇ ಇದರ ಮುಖ್ಯ ಆಹಾರ. ಮರಿಯಾಗಿದ್ದಾಗ ಕೊಕ್ಕಿನಲ್ಲಿ ಈ ಸಂದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಈ ಹಕ್ಕಿ ಸಾವಿರಗಟ್ಟಲೆ ವರ್ಷಗಳಿಂದ ಬಸವನಹುಳು ಹಿಡಿಯುವ ಒಂದೇ ಕೆಲಸವನ್ನು ಎಷ್ಟು ನಿಷ್ಠೆಯಿಂದ ಮಾಡಿಕೊಂಡು ಬಂದಿದೆ ಎಂಬುದು ಅದರ ಮುಖದಲ್ಲೇ ಬರೆದಂತಿದೆ. ಮಂಡ್ಯ ಜಿಲ್ಲೆಯ ನಾಲೆಬಯಲಿನಲ್ಲಿ ಹುಟ್ಟಿ ಬೆಳೆದವನಾದ ನನಗೆ ಇದು ವಿಶೇಷವಾಗಿ ಮನಸ್ಸಿಗೆ ತಟ್ಟಿತು. ನಾವು ನಾಟಿ ಮಾಡಿದ ಗದ್ದೆಗಳ ಬಸವನಹುಳು, ಕಪ್ಪೆ, ಸಣ್ಣ ಮೀನುಗಳನ್ನು ಹೆಕ್ಕಿಕೊಂಡು ಹೋಗುವ ಹಕ್ಕಿಗಳು ರಾತ್ರಿ ಎಲ್ಲಿ ತಂಗುತ್ತವೆ, ಎಲ್ಲಿ ಮರಿ ಮಾಡುತ್ತವೆ ಎಂದು ನಾನು ಚಿಕ್ಕಂದಿನಲ್ಲಿ ಎಂದೂ ಯೋಚಿಸಿರಲಿಲ್ಲ. ಅವುಗಳ ಮನೆಯ ಬಾಗಿಲಿಗೆ ಬಂದು ನಿಂತದ್ದು ಇದೇ ಮೊದಲು.

ಚಮಚದ ಕೊಕ್ಕಿನ ಹಕ್ಕಿಗಳು, ತಲೆ ಕತ್ತು ಮಾತ್ರ ಕಪ್ಪಾಗಿರುವ ಬಿಳಿ ಕೆಂಬರಲುಗಳು, ಬೆಳ್ಳಕ್ಕಿಗಳು, ಹಗಲಿಡೀ ಕೊಂಬೆಯ ಸಂದಿಯಲ್ಲಿ ಕುಳಿತು ತೂಕಡಿಸುವ ಇರುಳು ಬಕಗಳು, ಬಂಡೆಗಳ ಮೇಲೆ ನೀರುಕಾಗೆಗಳು, ಇಷ್ಟನ್ನೂ ಒಂದೇ ಸುತ್ತಿನಲ್ಲಿ ನೋಡಿದೆವು. ಹಾವಕ್ಕಿಯೊಂದು ಮೈಯೆಲ್ಲ ಮುಳುಗಿಸಿಕೊಂಡು ಕತ್ತನ್ನಷ್ಟೇ ಮೇಲೆತ್ತಿ ಈಜುತ್ತಿದ್ದಾಗ ದೋಣಿಯಲ್ಲಿದ್ದ ಇಬ್ಬರು ಅದನ್ನು ಹಾವೆಂದೇ ತಿಳಿದು ಹಿಂದೆ ಸರಿದರು. ಆ ಹೆಸರು ಯಾಕೆ ಬಂತೆಂದು ಆಮೇಲೆ ಯಾರಿಗೂ ವಿವರಿಸಬೇಕಾಗಲಿಲ್ಲ. ಅದರ ಗರಿಗಳು ನೀರನ್ನು ಹೀರಿಕೊಳ್ಳುವುದರಿಂದಲೇ ಅದು ಸುಲಭವಾಗಿ ಮುಳುಗಬಲ್ಲದು. ಅದೇ ಕಾರಣಕ್ಕೆ ಮೀನು ಹಿಡಿದಾದ ಮೇಲೆ ಬಂಡೆಯೇರಿ, ರೆಕ್ಕೆ ಬಿಚ್ಚಿ, ಬಹಳ ಹೊತ್ತು ಒಣಗಿಸಿಕೊಳ್ಳಬೇಕಾಗುತ್ತದೆ. ಇನ್ನೊಂದು ಬಂಡೆಯ ಮೇಲೆ ಕರಿಟೋಪಿ ಇಟ್ಟಂತೆ ಕಾಣುವ, ಹಳದಿ ಕೊಕ್ಕಿನ ರೀವ ಹಕ್ಕಿಗಳಿದ್ದವು. ಇವು ಮರದಲ್ಲಿ ಗೂಡು ಕಟ್ಟುವುದಿಲ್ಲ. ಬೇಸಗೆಯಲ್ಲಿ ನದಿಯ ನೀರು ಇಳಿದಾಗ ಮೇಲೇಳುವ ಮರಳು, ಬಂಡೆಗಳ ಮೇಲೆಯೇ ಮೊಟ್ಟೆ ಇಡುತ್ತವೆ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟು ಹೊಳೆ ಒಂದಿಷ್ಟು ಏರಿದರೂ ಆ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ನಮ್ಮ ನಾಲೆಗೆ ನೀರು ಯಾವಾಗ ಬಿಡುತ್ತಾರೆಂದು ಪತ್ರಿಕೆಯಲ್ಲಿ ಕನ್ನಂಬಾಡಿಯ ಮಟ್ಟವನ್ನು ದಿನವೂ ನೋಡುವ ನಮಗೆ, ಅದೇ ಮಟ್ಟದ ಮೇಲೆ ಇನ್ನೊಂದು ಜೀವದ ಸಂಸಾರವೂ ನಿಂತಿದೆ ಎಂಬುದು ಇಂತಹ ಕಡೆ ಬಂದಾಗಲೇ ತಿಳಿಯುತ್ತದೆ.

ಮೂರನೆಯ ತಿಟ್ಟಿನ ಬಳಿ ಹೆಜ್ಜಾರ್ಲೆಗಳು (ಪೆಲಿಕನ್‌ಗಳು) ಕಂಡವು. ಅದುವರೆಗೆ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದು ಮಾತಿಲ್ಲದೆ ಕುಳಿತಿದ್ದ ಅವ್ವ ಅಲ್ಲಿ ಮೊದಲ ಬಾರಿಗೆ ಕೈ ಸಡಿಲಿಸಿ, ‘ಇವು ನಮ್ಮೂರ ಕಡೆಯವು ಕಣಪ್ಪ. ಇಲ್ಲೂ ಅವೇನಾ?’ ಎಂದು ಕೇಳಿದರು. ಅವರ ತವರು ಮದ್ದೂರು ತಾಲ್ಲೂಕಿನಲ್ಲಿ, ಕೊಕ್ಕರೆ ಬೆಳ್ಳೂರಿಗೆ ಹತ್ತಿರದ ಒಂದು ಹಳ್ಳಿ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ದ್ವೀಪವನ್ನು ಹುಡುಕಿಕೊಂಡು ಹೋಗುವುದಿಲ್ಲ. ಊರೊಳಗೆ, ಮನೆಗಳ ಹಿತ್ತಿಲಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಆ ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಕಾಣುತ್ತಾರೆ, ಅವುಗಳ ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಬಳಸುತ್ತಾರೆ. ಅವ್ವ ಚಿಕ್ಕವರಿದ್ದಾಗ ನೆಂಟರ ಮನೆಗೆ ಹೋದರೆ ಅಂಗಳದಲ್ಲಿ ಮಲಗಲು ಬಿಡುತ್ತಿರಲಿಲ್ಲವಂತೆ, ಮೇಲಿನಿಂದ ಮೀನು ಬೀಳುತ್ತದೆಂದು. ಈ ಕತೆಯನ್ನು ಅವರು ಈ ಮೊದಲು ಎಂದೂ ಹೇಳಿರಲಿಲ್ಲ. ಮಗಳು ಹಕ್ಕಿಯನ್ನು ನೋಡುವುದನ್ನು ಬಿಟ್ಟು ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಹುಟ್ಟು ಎತ್ತಿ ಹಿಡಿದು ಕುಳಿತಿದ್ದ ಅಂಬಿಗನೂ ಕೇಳಿಸಿಕೊಳ್ಳುತ್ತಿದ್ದ. ಎಂಜಿನ್ನಿನ ದೋಣಿಯಾಗಿದ್ದರೆ ಈ ಮಾತು ನಮ್ಮ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಒಂದೇ ಜಿಲ್ಲೆಯ ಈ ಎರಡು ಜಾಗಗಳನ್ನು ಹೋಲಿಸಿ ನೋಡಿದಾಗ ರಂಗನತಿಟ್ಟಿನ ಸ್ವಭಾವ ಇನ್ನಷ್ಟು ಸ್ಪಷ್ಟವಾಗುತ್ತದೆ. ಬೆಳ್ಳೂರಿನಲ್ಲಿ ಹಕ್ಕಿಗಳನ್ನು ಕಾಯುವುದು ಊರಿನ ಜನ. ಇಲ್ಲಿ ಕಾಯುವುದು ನೀರು. ಸುತ್ತ ಹೊಳೆಯಿರುವುದರಿಂದ ನರಿ, ಕಾಡುಬೆಕ್ಕುಗಳು ಗೂಡಿರುವ ಮರಗಳನ್ನು ಸುಲಭವಾಗಿ ತಲುಪಲಾರವು, ಮನುಷ್ಯರೂ ತಲುಪಲಾರರು. ಪ್ರವಾಸಿಗರನ್ನು ಒಂದೇ ಒಂದು ತಿಟ್ಟಿನ ಮೇಲೆ ಇಳಿಯಲು ಬಿಟ್ಟರೂ ಈ ಕಾವಲು ಮುರಿದುಬೀಳುತ್ತದೆ.

ಆ ನೀರಿನಲ್ಲಿ ಇನ್ನೊಂದು ಕಾವಲೂ ಇದೆ. ತಿಟ್ಟಿನ ಅಂಚಿನ ಚಪ್ಪಟೆ ಬಂಡೆಯೊಂದರ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು. ಅದರ ಬಣ್ಣ ಬಂಡೆಯ ಬಣ್ಣವೇ ಆಗಿದ್ದರಿಂದ ಅಂಬಿಗ ತೋರಿಸುವವರೆಗೆ ನಮ್ಮಲ್ಲಿ ಒಬ್ಬರಿಗೂ ಕಾಣಲಿಲ್ಲ. ಬಾಯಿ ತೆರೆದಿರುವುದು ಸಿಟ್ಟಿನಿಂದಲ್ಲ, ಮೈಯ ಬಿಸಿಯನ್ನು ಹೊರಹಾಕಲು. ನಮ್ಮ ದೋಣಿಯಲ್ಲಿದ್ದ ಯುವಕರ ಒಂದು ಗುಂಪು ಮೊಸಳೆ ಅಲುಗಾಡಲೆಂದು ಚಪ್ಪಾಳೆ ತಟ್ಟಲು, ಶಿಳ್ಳೆ ಹಾಕಲು ತೊಡಗಿತು. ಒಬ್ಬಾತ ಚಿತ್ರ ತೆಗೆಯಲು ಕೈಯನ್ನು ಅಂಚಿನಿಂದ ಹೊರಗೆ ಚಾಚಿದ. ಅಂಬಿಗ ದನಿ ಏರಿಸಲಿಲ್ಲ. ‘ಕೈ ಒಳಿಕ್ ತಗೊಳಿ ಸಾ. ಕಾಣದು ಒಂದೇ ಮೊಸಳೆ, ಇರಾದು ಒಂದೇ ಅಲ್ಲ’ ಎಂದ. ಅನಂತರ ಸದ್ದು ನಿಲ್ಲುವವರೆಗೂ ದೋಣಿಯನ್ನು ಮುಂದಕ್ಕೆ ಬಿಡಲಿಲ್ಲ. ಈ ಒಂದು ನಡವಳಿಕೆಗಾಗಿ ಆತನಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಪ್ರವಾಸಿಗರನ್ನು ಮೆಚ್ಚಿಸಲು ಪ್ರಾಣಿಯನ್ನು ಕೆಣಕುವ ಮಾರ್ಗದರ್ಶಿಗಳನ್ನು ನಾನು ಬೇರೆ ಕಡೆ ಕಂಡಿದ್ದೇನೆ. ಇಲ್ಲಿ ಪ್ರಾಣಿಯ ಪರವಾಗಿ ಪ್ರವಾಸಿಗರಿಗೆ ಬುದ್ಧಿ ಹೇಳುವ ಅಂಬಿಗ ಸಿಕ್ಕಿದ.

ಈ ತಿಟ್ಟುಗಳು ಹೇಗೆ ಆದವು ಎಂಬುದು ಅನೇಕರಿಗೆ ತಿಳಿದಿಲ್ಲ. ಮೈಸೂರಿನ ಅರಸರಾದ ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ನಡುವೆ ಕಾವೇರಿಗೆ ಅಡ್ಡಲಾಗಿ ಒಂದು ಒಡ್ಡು ಕಟ್ಟಿಸಿದರು. ನೀರಾವರಿಗೆಂದು ಕಟ್ಟಿದ ಆ ಒಡ್ಡಿನ ಹಿಂದೆ ನೀರು ಹರಡಿಕೊಂಡು, ಎತ್ತರದ ಜಾಗಗಳು ಮಾತ್ರ ತಿಟ್ಟುಗಳಾಗಿ ಉಳಿದವು. ಹಕ್ಕಿಗಳು ಅವನ್ನು ತಮ್ಮದಾಗಿಸಿಕೊಂಡವು. ಅಂದರೆ ರೈತರಿಗೆಂದು ಮಾಡಿದ ಒಂದು ಕೆಲಸ ಇನ್ನೂರ ತೊಂಬತ್ತು ವರ್ಷಗಳ ಕಾಲ ಸದ್ದಿಲ್ಲದೆ ಹಕ್ಕಿಗಳನ್ನೂ ಸಾಕಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದ ಪಕ್ಷಿತಜ್ಞ ಸಲೀಂ ಅಲಿಯವರು ಈ ಜಾಗದ ಮಹತ್ವವನ್ನು ಗುರುತಿಸಿ ಅರಸರಿಗೆ ಮನವರಿಕೆ ಮಾಡಿಕೊಟ್ಟರು, 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ, ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಇದು ಕರ್ನಾಟಕದಿಂದ ಆ ಪಟ್ಟಿಯೊಳಗೆ ಹೋದ ಮೊದಲ ಜೌಗುಪ್ರದೇಶ. ಇಷ್ಟೆಲ್ಲ ಗೌರವ ಪಡೆದ ಜಾಗ ನಮ್ಮ ದಿನನಿತ್ಯದ ಓಡಾಟದ ದಾರಿಯ ಪಕ್ಕದಲ್ಲೇ ಇದೆ. ಶ್ರೀರಂಗಪಟ್ಟಣವೇ ಕಾವೇರಿ ಸುತ್ತುವರಿದ ಒಂದು ದ್ವೀಪ. ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವ ನಾವೆಲ್ಲರೂ ಒಂದು ದ್ವೀಪವನ್ನು ಹೊಕ್ಕು ಹೊರಬರುತ್ತೇವೆ. ಆದಿರಂಗ, ಮಧ್ಯರಂಗ, ಅಂತ್ಯರಂಗ ಎಂದು ನಮ್ಮ ಹಿರಿಯರು ಪೂಜಿಸಿಕೊಂಡು ಬಂದ ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗ ಮೂರೂ ಈ ನದಿಯ ದ್ವೀಪಗಳೇ. ನದಿ ಎರಡಾಗಿ ಒಡೆದು ಮತ್ತೆ ಕೂಡುವ ಜಾಗವನ್ನು ಸುಮ್ಮನೆ ದಾಟಿಹೋಗಬಾರದೆಂಬ ಭಾವನೆ ಈ ನಾಡಿನಲ್ಲಿ ಬಹಳ ಹಳೆಯದು.

ಇನ್ನು ಹೋಗುವವರಿಗೆ ಬೇಕಾದ ಕೆಲವು ವಿವರಗಳು. ಪಕ್ಷಿಧಾಮ ಶ್ರೀರಂಗಪಟ್ಟಣದಿಂದ ಮೂರು ಕಿಲೋಮೀಟರಿನಷ್ಟು ದೂರದಲ್ಲಿ, ಪಾಲಹಳ್ಳಿಯ ಸಮೀಪದಲ್ಲಿದೆ. ಮೈಸೂರಿನಿಂದ ಸುಮಾರು 18, ಮಂಡ್ಯದಿಂದ ಸುಮಾರು 30 ಕಿಲೋಮೀಟರ್. ಸ್ವಂತ ವಾಹನ ಇಲ್ಲದವರು ಶ್ರೀರಂಗಪಟ್ಟಣದವರೆಗೆ ಬಸ್ಸಿನಲ್ಲೋ ರೈಲಿನಲ್ಲೋ ಬಂದು ಅಲ್ಲಿಂದ ಆಟೊ ಹಿಡಿಯಬಹುದು. ಹಿಂತಿರುಗುವುದಕ್ಕೂ ಅದೇ ಆಟೊವನ್ನು ಮಾತಾಡಿಕೊಂಡರೆ ಬಿಸಿಲಿನಲ್ಲಿ ಕಾಯುವುದು ತಪ್ಪುತ್ತದೆ. ಪ್ರವೇಶಕ್ಕೆ ಒಂದು ಟಿಕೆಟ್, ದೋಣಿಗೆ ಇನ್ನೊಂದು. ಎಲ್ಲರೊಂದಿಗೆ ಸೇರಿ ಹೋಗುವ ದೋಣಿಯಲ್ಲದೆ, ಹೆಚ್ಚು ಹಣ ಕೊಟ್ಟು ಇಡೀ ದೋಣಿಯನ್ನು ಗೊತ್ತುಮಾಡಿಕೊಂಡು ಹೆಚ್ಚು ಹೊತ್ತು ನೀರಿನಲ್ಲಿರುವ ವ್ಯವಸ್ಥೆಯೂ ಇದೆ. ದೊಡ್ಡ ಕ್ಯಾಮೆರಾ ಹಿಡಿದು ಒಂದೇ ಹಕ್ಕಿಗಾಗಿ ಕಾಯುವವರಿಗೆ ಅದು ಸರಿ. ನಮ್ಮಂತಹ ಕುಟುಂಬಗಳಿಗೆ ಸಾಮಾನ್ಯ ದೋಣಿಯೇ ಸಾಕು, ಆದರೆ ಎರಡು ಸುತ್ತು ಹೋಗಿ. ಮೊದಲ ಸುತ್ತಿನಲ್ಲಿ ಕಣ್ಣು ‘ಅದೇನು, ಇದೇನು’ ಎಂದು ಓಡಾಡುತ್ತಲೇ ಇರುತ್ತದೆ, ಎರಡನೆಯ ಸುತ್ತಿನಲ್ಲಿ ಅದು ಒಂದು ಕಡೆ ನಿಲ್ಲುತ್ತದೆ. ನಾವು ಎರಡನೆಯ ಬಾರಿ ಹೊರಟಾಗ ಮೊದಲು ಎಡಗಡೆ ಕುಳಿತಿದ್ದವರು ಬಲಗಡೆ ಕುಳಿತೆವು, ಅಷ್ಟರಿಂದಲೇ ಬೇರೆಯದೇ ತಿಟ್ಟು ನೋಡಿದಂತಾಯಿತು.

ಹೊತ್ತಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಬಾಗಿಲು ತೆರೆಯುತ್ತಲೇ ಮೊದಲ ದೋಣಿಗಳಲ್ಲಿ ಹೊರಟುಬಿಡಬೇಕು. ಹತ್ತೂವರೆ ದಾಟಿದರೆ ನೀರಿನ ಮೇಲಿನ ಬಿಸಿಲು ಕೆಳಗಿನಿಂದಲೂ ಮೇಲಿನಿಂದಲೂ ಸುಡುತ್ತದೆ. ಭಾನುವಾರ ಮತ್ತು ದಸರಾ ರಜೆಯ ದಿನಗಳನ್ನು ಬಿಟ್ಟು ವಾರದ ನಡುವೆ ಹೋಗುವುದು ಒಳ್ಳೆಯದು, ಏಕೆಂದರೆ ಇಲ್ಲಿ ನೀವು ಹಣ ಕೊಟ್ಟು ಪಡೆಯುವುದು ಮೌನವನ್ನು, ಅದು ಜನ ಹೆಚ್ಚಿದಂತೆ ಕಡಿಮೆಯಾಗುತ್ತದೆ. ತಿಂಗಳುಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಕಾಲವನ್ನು ನಾನು ಮೊದಲು ಹೇಳುತ್ತೇನೆ. ಆಗ ಕೊಕ್ಕರೆಗಳ ಗೂಡುಗಳೂ ಇರುತ್ತವೆ, ಚಳಿಗಾಲಕ್ಕೆಂದು ದೂರದಿಂದ ಬಂದ ಹಕ್ಕಿಗಳೂ ಪೂರ್ತಿ ಹೊರಟಿರುವುದಿಲ್ಲ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆ ತುಂಬಿ ಹೊಳೆಗೆ ಹೆಚ್ಚು ನೀರು ಬಿಟ್ಟಾಗ ತಿಟ್ಟುಗಳೇ ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ. ಕಟ್ಟೆಯ ಮಟ್ಟ 124.80 ಅಡಿಗೆ ಹತ್ತಿರವಾಗಿದೆ, ಹೊರಹರಿವು ಹೆಚ್ಚಿದೆ ಎಂದು ಪತ್ರಿಕೆಯಲ್ಲಿ ಓದಿದ ದಿನ ಇತ್ತ ಕಡೆ ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಒಂದು ಆಗಸ್ಟಿನಲ್ಲಿ ವಿಚಾರಿಸದೆ ಬಂದ ನನ್ನ ತಮ್ಮನ ಮನೆಯವರು, ಕೆಂಪು ನೀರು ಮರಗಳ ಅರ್ಧದವರೆಗೆ ಏರಿ ಹರಿಯುತ್ತಿದ್ದುದನ್ನು ದಡದಿಂದಲೇ ನೋಡಿ ಹಿಂತಿರುಗಿದ್ದರು.

ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ. ತಲೆಗೆ ಟೋಪಿ ಅಥವಾ ಸೆರಗು, ಕೈಯಲ್ಲಿ ನೀರಿನ ಬಾಟಲಿ, ಸಾಧ್ಯವಾದರೆ ಒಂದು ದುರ್ಬೀನು ಇರಲಿ. ಫೋನಿನಲ್ಲಿ ತೆಗೆದ ಚಿತ್ರಗಳಲ್ಲಿ ಹಕ್ಕಿಗಳು ಬಿಳಿಯ ಚುಕ್ಕೆಗಳಾಗಿ ಕಾಣುತ್ತವೆ, ಆದ್ದರಿಂದ ಫೋನನ್ನು ಚೀಲದೊಳಗಿಟ್ಟು ಕಣ್ಣಿನಿಂದ ನೋಡುವುದೇ ಲೇಸು. ದಡದ ತೋಟದಲ್ಲಿ ಕೋತಿಗಳಿವೆ, ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಓಡಾಡಬಾರದು. ನಾವು ಬುತ್ತಿಯನ್ನು ಕಾರಿನಲ್ಲೇ ಬಿಟ್ಟು ಬಂದಿದ್ದೆವು. ಮರಳಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಹೊಳೆದಂಡೆಯ ನೆರಳಿನಲ್ಲಿ ಕುಳಿತು ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ ಊಟ ಮಾಡಿದೆವು. ಒಳಗಿರುವ ಮಾಹಿತಿ ಕೇಂದ್ರವನ್ನು ದೋಣಿ ಹತ್ತುವ ಮೊದಲೇ ನೋಡುವುದು ಉತ್ತಮ. ಹಕ್ಕಿಗಳ ಹೆಸರು ಮೊದಲೇ ಮನಸ್ಸಿನಲ್ಲಿದ್ದರೆ ನೀರಿನ ಮೇಲೆ ಅವು ತಾವಾಗಿ ನೆನಪಿಗೆ ಬರುತ್ತವೆ.

ವೇಗವಾಗಿ ಸಾಗುವ ದೋಣಿ, ನೀರಾಟ, ಮರಳಿನ ದಂಡೆ ಬೇಕೆನ್ನುವವರಿಗೆ ಇದು ತಕ್ಕ ಜಾಗವಲ್ಲ. ಸಾಮಾನ್ಯ ದೋಣಿಯ ಸುತ್ತು ಬೇಗ ಮುಗಿದುಹೋಯಿತು ಎಂದು ಅನ್ನಿಸುವುದೂ ನಿಜ. ನಮಗೂ ಹಾಗೆ ಅನ್ನಿಸಿದ್ದರಿಂದಲೇ ಇನ್ನೊಂದು ಟಿಕೆಟ್ ತೆಗೆದುಕೊಂಡೆವು. ಹಸುಗೂಸುಗಳನ್ನು ಕರೆದೊಯ್ಯುವವರು ಬಿಸಿಲಿನ ಬಗ್ಗೆ ಯೋಚಿಸಬೇಕು. ಇಷ್ಟನ್ನು ಬಿಟ್ಟರೆ, ಮೈಸೂರು ಸೀಮೆಯಲ್ಲಿ ಕೊಟ್ಟ ಹಣಕ್ಕೆ ಇಷ್ಟು ತೃಪ್ತಿ ಕೊಡುವ ಇನ್ನೊಂದು ಅರ್ಧ ದಿನದ ಪ್ರವಾಸ ನನಗೆ ತಿಳಿದಂತೆ ಇಲ್ಲ.

ಎರಡನೆಯ ಸುತ್ತು ಮುಗಿಸಿ ಇಳಿಯುವಾಗ ಅವ್ವ ಯಾರ ಕೈಯನ್ನೂ ಹಿಡಿಯದೆ ದಡಕ್ಕೆ ಕಾಲಿಟ್ಟರು. ಲೈಫ್ ಜಾಕೆಟ್ ಬಿಚ್ಚಿ ಕೊಡುತ್ತ, ಹೆಜ್ಜಾರ್ಲೆಗಳ ಮರಿಗಳು ಯಾವಾಗ ಹಾರುತ್ತವೆ ಎಂದು ಅಂಬಿಗನನ್ನು ಕೇಳಿದರು. ‘ಬ್ಯಾಸಗೆ ಮುಗಿಯೋದ್ರೊಳಗೆ ಬನ್ನಿ ಅವ್ವಾ, ರೆಕ್ಕೆ ಬಡ್ಕಂಡು ಕಲಿತಿರ್ತವೆ’ ಎಂದು ಆತ ಹೇಳಿದ. ಏಪ್ರಿಲ್ ಕೊನೆಯ ವಾರ, ಮಗಳ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಬರುವುದೆಂದು ಅಲ್ಲೇ ನಿಶ್ಚಯವಾಯಿತು. ಬೆಳ್ಳೂರಿನ ಕಡೆಯಿಂದ ಅವ್ವನ ತಂಗಿಯೂ ಬರುತ್ತಾರೆ.